ಅತ್ತೆಯವರಿಗೆ ಕೇಳಿದ ಎರಡು ಪ್ರಶ್ನೆಗಳು

ಡೊಂಬಿವಲಿ, 18 ಜನವರಿ 2024, ಗುರುವಾರ

ಇಂದು ಅತ್ತೆಯವರ ಡಯಾಲಿಸಿಸ್ ಇತ್ತು. ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ; ಒಂದೂವರೆ ವರ್ಷದಿಂದ ನಮ್ಮ ಮನೆಯ ಊಟ, ನಿದ್ದೆ, ಹಬ್ಬಗಳೆಲ್ಲ ಈ ಲೆಕ್ಕಕ್ಕೇ ಹೊಂದಿಕೊಂಡಿವೆ. ಅವರ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಪೊಟ್ಯಾಶಿಯಂ ಎಲ್ಲವನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ತಪ್ಪದೆ ಬರೆಯುತ್ತೇನೆ. ಅವರ ಮನಸ್ಸು ಹೇಗಿದೆ ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ ಎಂಬುದು ಇಂದು ತಿಳಿಯಿತು.

ಹೊಸದಾಗಿ ಬಂದ ನರ್ಸ್ ಒಬ್ಬರು ಪ್ರತಿ ಹಾಸಿಗೆಯ ಬಳಿಗೂ ಹೋಗಿ ಮರಾಠಿಯಲ್ಲಿ ಎರಡು ಪ್ರಶ್ನೆ ಕೇಳುತ್ತಿದ್ದರು. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲವೆನ್ನಿಸಿದೆಯೇ. ಮನಸ್ಸು ಕುಗ್ಗಿದೆಯೇ, ಮುಂದೆ ದಾರಿಯೇ ಇಲ್ಲ ಅನ್ನಿಸಿದೆಯೇ. ಅತ್ತೆಯವರು 'ಠೀಕ್ ಆಹೇ' ಎಂದು ಮುಗಿಸಿಬಿಟ್ಟರು. ಧಾರವಾಡದಿಂದ ಬಂದು 4 ವರ್ಷವಾದ ಅವರಿಗೆ ತರಕಾರಿ ಕೊಳ್ಳುವಷ್ಟು ಮರಾಠಿ ಬರುತ್ತದೆ, ಮನಸ್ಸಿನ ಮಾತನ್ನು ಆಡುವಷ್ಟು ಬರುವುದಿಲ್ಲ. ನರ್ಸ್ ಅವರ ಒಪ್ಪಿಗೆ ಪಡೆದು ಅವೇ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: 'ದಸರಾದಿಂದ ಕಸೂತಿ ಮುಟ್ಟಿಲ್ಲವಾ. ಸೂಜಿ ಹಿಡಿಯೋ ಮನಸ್ಸೇ ಆಗೂದಿಲ್ಲ.'

ನಾನು ಅದನ್ನು ಕಣ್ಣಿನ ತೊಂದರೆ ಎಂದುಕೊಂಡಿದ್ದೆ. ಕಸೂತಿಯೆಂದರೆ ಎಳೆ ಎಣಿಸಿ ಹಾಕುವ ಹೊಲಿಗೆ, ಈ ವಯಸ್ಸಿನಲ್ಲಿ ಕಷ್ಟವೇ ಸರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಮೊನ್ನೆ ಸಂಕ್ರಾಂತಿಯಂದು ನೆರೆಮನೆಯವರು ಎಳ್ಳು ಬೀರಲು ಬಂದಾಗಲೂ ಅವರು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಅದಕ್ಕೆ ಎಳೆ ಎಣಿಸುವ ಕಣ್ಣು ಬೇಕಾಗಿರಲಿಲ್ಲ.

ಈ ಎರಡು ಪ್ರಶ್ನೆಗಳಿಗೆ ಒಟ್ಟು 6 ಅಂಕ. 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸುಳಿವು ಹುಡುಕುವ, ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪೂರ್ಣ ಪಟ್ಟಿಯನ್ನು ಕೇಳುತ್ತಾರೆ. 2001ರಲ್ಲಿ ಪ್ರಕಟವಾದ ಈ ಪಟ್ಟಿಯಲ್ಲಿ ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಕೂತು ಮಾತನಾಡಿಸಬೇಕು ಎಂಬುದು ರೂಢಿ. ಅತ್ತೆಯವರಿಗೆ ಮೊದಲ ಎರಡರಲ್ಲಿ 4, ಎಲ್ಲ ಸೇರಿ 14 ಬಂತು.

ನನ್ನನ್ನು ಬಹಳ ಹೊತ್ತು ಕಾಡಿದ್ದು ಆ 14ರ ಒಳಗಿನ ಲೆಕ್ಕ. ನಿದ್ದೆಗೆ 2, ಆಯಾಸಕ್ಕೆ 3, ಹಸಿವಿಗೆ 2 ಎಂದು ಅರ್ಧ ಅಂಕಗಳು ದೇಹದ ಬಾಬತ್ತಿನಿಂದಲೇ ಬಂದಿವೆ, ಮತ್ತು ಇವೆಲ್ಲ ಮೂತ್ರಪಿಂಡ ಸೋತವರಿಗೆ ಖಿನ್ನತೆಯಿಲ್ಲದೆಯೂ ಇರುತ್ತವೆ. ಇದೇ ತೊಡಕನ್ನು ಮನಗಂಡು ಜಿಗ್‌ಮಂಡ್ ಮತ್ತು ಸ್ನೇತ್ ಎಂಬ ವೈದ್ಯರು 1983ರಲ್ಲಿ, ದೇಹದ ಇಂಥ ಲಕ್ಷಣಗಳನ್ನು ಆದಷ್ಟು ಬದಿಗಿಟ್ಟು, ಆಸ್ಪತ್ರೆಯ ರೋಗಿಗಳಿಗೆಂದೇ 14 ಪ್ರಶ್ನೆಗಳ ಬೇರೊಂದು ಪಟ್ಟಿ ರಚಿಸಿದ್ದರು. ಹಾಗೆಂದು 'ಕಾಯಿಲೆ ಇದ್ದಮೇಲೆ ಬೇಸರ ಇದ್ದದ್ದೇ' ಎಂದು ಈ ಅಂಕವನ್ನು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ದೀರ್ಘಕಾಲದ ದೈಹಿಕ ಕಾಯಿಲೆಯುಳ್ಳವರಲ್ಲಿ ಖಿನ್ನತೆ, ಆರೋಗ್ಯವಂತರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂದು ಇಂಗ್ಲೆಂಡಿನ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಹೆಚ್ಚು ಜನರಿಗೆ ಬರುತ್ತದೆ ಎಂದಮಾತ್ರಕ್ಕೆ ಅದನ್ನು ಸಹಿಸಿಕೊಂಡೇ ಇರಬೇಕೆಂದಿಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಕೇಳಲು ನನ್ನ ನಾಲಿಗೆ ಏಳಲಿಲ್ಲ. ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತೆ ಆಗುವುದಿಲ್ಲ, ಎಷ್ಟೋ ಜನರಿಗೆ ಕೇಳಿದ್ದರಿಂದಲೇ ಹಗುರವಾಗುತ್ತದೆ ಎಂದು ನರ್ಸ್ ಧೈರ್ಯ ಹೇಳಿದರು. ಕೇಳಿದೆ. 'ದೇವರು ಲಗೂ ಕರಕೊಂಡರ ಸಾಕಾಗೇದ' ಎಂದರು. ನಮ್ಮ ಹಿರಿಯರ ಬಾಯಲ್ಲಿ ಈ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ, ಕೇಳಿ ಕೇಳಿಯೇ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೇವೆ. ತಾವಾಗಿ ಏನಾದರೂ ಮಾಡಿಕೊಳ್ಳಬೇಕೆಂದು ಅನ್ನಿಸಿದೆಯೇ ಎಂದು ಬಿಡಿಸಿ ಕೇಳಿದಾಗ ಇಲ್ಲವೆಂದರು, ಮನೆಗೆ ಭಾರವಾಗಿದ್ದೇನೆ ಅನ್ನಿಸುತ್ತದೆ ಎಂದು ಸೇರಿಸಿದರು. ಹಾಗಲ್ಲ ಎಂದು ಹೇಳಲು ಹೋಗಿ ನನ್ನ ಗಂಟಲು ಕಟ್ಟಿತು. ಅವರ ಕೈ ಹಿಡಿದು ಸುಮ್ಮನೆ ಕುಳಿತೆ.

ಡಾಕ್ಟರರು ಹಾಳೆ ನೋಡಿ, ಇದು ಖಿನ್ನತೆಯೇ ಎಂಬ ತೀರ್ಮಾನವಲ್ಲ, ವಿಚಾರಿಸಬೇಕೆಂಬ ಸೂಚನೆ ಎಂದರು. ಹಿಮೋಗ್ಲೋಬಿನ್ನನ್ನೂ ಥೈರಾಯ್ಡನ್ನೂ ಪರೀಕ್ಷಿಸುತ್ತಾರಂತೆ. ಮನೋವೈದ್ಯರು ಶನಿವಾರ ಡಯಾಲಿಸಿಸ್ ನಡೆಯುವಾಗಲೇ ಹಾಸಿಗೆಯ ಬಳಿಗೆ ಬರಲಿದ್ದಾರೆ. ಮಾತ್ರೆ ಕೊಡಬೇಕಾದರೆ ಮೂತ್ರಪಿಂಡದ ಡಾಕ್ಟರರೊಂದಿಗೆ ಮಾತನಾಡಿಯೇ ಪ್ರಮಾಣ ನಿಗದಿ ಮಾಡುತ್ತಾರೆ. ಭಾಷಾಂತರಕ್ಕೆ ನಾನು ಜೊತೆಗಿರಬೇಕು. ಆದರೆ ಸೊಸೆಯ ಎದುರಿಗೆ ಆಡಲಾಗದ ಮಾತೂ ಇರಬಹುದು. ಆದ್ದರಿಂದ ಕನ್ನಡ ಬಲ್ಲ ಸಿಬ್ಬಂದಿ ಯಾರಾದರೂ ಇದ್ದಾರೆಯೇ ಎಂದು ನಾಳೆ ಫೋನ್ ಮಾಡಿ ವಿಚಾರಿಸಬೇಕು.

ನೋಟ್‌ಬುಕ್ಕಿನಲ್ಲಿ ಪೊಟ್ಯಾಶಿಯಂ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದು 14 ಎಂದು ಬರೆದಿದ್ದೇನೆ.