ಗೋಧಿ ಬಿಡುವ ಮುನ್ನ ಒಂದು ರಕ್ತ ಪರೀಕ್ಷೆ

ಪರಿಚಯದವರು ಸಿಕ್ಕಾಗ ‘ಗ್ಲುಟೆನ್ ಬಿಟ್ಟಿದ್ದೇನೆ, ಹೊಟ್ಟೆ ಹಗುರವಾಗಿದೆ’ ಎಂದು ಹೇಳುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಚಪಾತಿ, ರವೆ ಉಪ್ಪಿಟ್ಟು, ಬ್ರೆಡ್ಡು ಎಲ್ಲವನ್ನೂ ನಿಲ್ಲಿಸಿ ಕೆಲವು ತಿಂಗಳಾದ ಮೇಲೆ, ‘ಇದು ಸೀಲಿಯಾಕ್ ಕಾಯಿಲೆಯೇ ಇರಬಹುದೇ, ಈಗ ಪರೀಕ್ಷೆ ಮಾಡಿಸಲೇ’ ಎಂದು ಕೇಳುವವರೂ ಇದ್ದಾರೆ. ವೈದ್ಯಕೀಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ಎದುರಾದಾಗಲೆಲ್ಲ ಸಂಕಟವಾಗುತ್ತದೆ. ಅಷ್ಟು ಹೊತ್ತಿಗೆ ಪ್ರಯೋಗಾಲಯದ ಕೈಯಲ್ಲಿ ಖಚಿತ ಉತ್ತರ ಉಳಿದಿರುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿನ ಒಳಪದರ ಹಾಳಾಗುವ ಈ ಕಾಯಿಲೆ ರಕ್ತದಲ್ಲಿಯೂ ಕರುಳಿನಲ್ಲಿಯೂ ಕಾಣಿಸಿಕೊಳ್ಳಬೇಕಾದರೆ ಮನುಷ್ಯ ಗೋಧಿಯನ್ನು ತಿನ್ನುತ್ತಿರಲೇಬೇಕು. ಹೀಗೇಕೆ ಎಂಬುದು ತಿಳಿಯಬೇಕಾದರೆ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಮಾಡಿಸುವ ಒಂದು ಸರಳ ಪ್ರಯೋಗವಿದೆ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಆಮೇಲೆ ಆ ಉಂಡೆಯನ್ನು ನೀರಿನ ಬೋಗುಣಿಯಲ್ಲಿ ಮೆಲ್ಲಗೆ ಹಿಸುಕುತ್ತಾ ತೊಳೆಯಬೇಕು. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಹೊರಬರುವುದೆಲ್ಲ ಪಿಷ್ಟ. ನಾಲ್ಕಾರು ಸಲ ನೀರು ಬದಲಿಸಿದ ಮೇಲೆ ಅಂಗೈಯಲ್ಲಿ ಉಳಿಯುವುದು ಬೂದು ಹಳದಿ ಬಣ್ಣದ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ, ಜಿಗುಟಾದ ಒಂದು ಗಡ್ಡೆ. ಗ್ಲುಟೆನ್ ಎಂದರೆ ಇದೇ. ಇಟಲಿಯ ಬೊಲೊನ್ಯಾದ ಜಾಕೊಪೊ ಬೆಕಾರಿ ಇದೇ ವಿಧಾನವನ್ನು 1745ರಲ್ಲಿ ಪ್ರಕಟಿಸಿದರು. ರಾಗಿ ಹಿಟ್ಟನ್ನೋ ಜೋಳದ ಹಿಟ್ಟನ್ನೋ ಹೀಗೆ ತೊಳೆದರೆ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಚಪಾತಿಯ ಹಿಟ್ಟನ್ನು ಹರಿಯದಂತೆ ತೆಳ್ಳಗೆ ಲಟ್ಟಿಸಲು ಬರುವುದು, ಜೋಳದ ರೊಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಕೈಯಲ್ಲೇ ತಟ್ಟಬೇಕಾಗಿರುವುದು, ಎರಡಕ್ಕೂ ಕಾರಣ ಗ್ಲಯಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳ ಇರವು ಮತ್ತು ಇಲ್ಲದಿರುವಿಕೆ.

ಈ ಗಡ್ಡೆಯೇ ಕೆಲವು ಮಕ್ಕಳ ಕರುಳನ್ನು ಹಾಳುಮಾಡುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ. ಲಂಡನ್ನಿನ ಸ್ಯಾಮುಯೆಲ್ ಗೀ 1888ರಲ್ಲಿ ಈ ರೋಗದ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದು, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕು ಎಂಬ ಅಭಿಪ್ರಾಯವನ್ನೂ ಕೊಟ್ಟಿದ್ದರು. ಆದರೆ ಯಾವ ಆಹಾರ ಎಂಬುದು ಗೊತ್ತಿರಲಿಲ್ಲ. ಅದನ್ನು ಹಿಡಿದವರು ನೆದರ್ಲೆಂಡ್ಸ್‌ನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದ ಬರದಲ್ಲಿ ಬ್ರೆಡ್ಡು ಸಿಗದೆ ಹೋದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಬಿದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಡಿಕೆಯವರು ಯುದ್ಧಕ್ಕೆ ಮೊದಲೇ, 1930ರ ದಶಕದಲ್ಲಿಯೇ, ಗೋಧಿಯಿಲ್ಲದ ಆಹಾರವನ್ನು ಪ್ರಯೋಗಿಸುತ್ತಿದ್ದರು. ನನ್ನ ಮಟ್ಟಿಗೆ ಬರಕ್ಕಿಂತ ದೊಡ್ಡ ಸಂಗತಿ ಅದರ ನಂತರ ನಡೆದ ಅಳತೆಯ ಕೆಲಸ. ಫಾನ್ ಡೆ ಕಾಮರ್ ಎಂಬ ರಸಾಯನಶಾಸ್ತ್ರಜ್ಞರು ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವನ್ನು ರೂಪಿಸಿದರು. ಮಗುವಿಗೆ ಗೋಧಿ ಕೊಟ್ಟಾಗ ಎಷ್ಟು ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ, ನಿಲ್ಲಿಸಿದಾಗ ಎಷ್ಟು ಎಂಬುದು ಗ್ರಾಂ ಲೆಕ್ಕದಲ್ಲಿ ಸಿಕ್ಕಿದ್ದರಿಂದ, ವೈದ್ಯರ ಅನಿಸಿಕೆಯಾಗಿದ್ದದ್ದು ಸಾಕ್ಷ್ಯವಾಯಿತು. ಡಿಕೆಯವರ ಪಿಎಚ್‌ಡಿ ಪ್ರಬಂಧ 1950ರಲ್ಲಿ ಬಂತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ತಂಡವು ಗೋಧಿಯನ್ನು ಪಿಷ್ಟ ಮತ್ತು ಗ್ಲುಟೆನ್ ಎಂದು ಬೇರ್ಪಡಿಸಿ ಕೊಟ್ಟು, ಪಿಷ್ಟದಿಂದ ತೊಂದರೆಯಿಲ್ಲ, ಗ್ಲುಟೆನ್ನಿನಿಂದಲೇ ತೊಂದರೆ ಎಂದು ತೋರಿಸಿತು. ನಮ್ಮ ವಿದ್ಯಾರ್ಥಿಗಳು ಬೋಗುಣಿಯಲ್ಲಿ ಮಾಡುವ ಬೇರ್ಪಡಿಸುವಿಕೆಯೇ ಅಲ್ಲಿ ಮಕ್ಕಳ ಜೀವ ಉಳಿಸಿತು.

ಕರುಳಿನೊಳಗೆ ಏನಾಗುತ್ತಿದೆ ಎಂದು ನೋಡುವ ದಾರಿ 1950ರ ದಶಕದ ಮಧ್ಯದಲ್ಲಿ ತೆರೆಯಿತು. ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ತುಣುಕಿನಲ್ಲಿ ಜಾನ್ ಪೌಲಿಯವರು 1954ರಲ್ಲಿ ಬದಲಾವಣೆಯನ್ನು ಗುರುತಿಸಿದರು, ಮಾರ್ಗೋ ಶೈನರ್ 1956ರಲ್ಲಿ ಕೊಳವೆ ಇಳಿಸಿ ಸಣ್ಣ ಕರುಳಿನ ತುಣುಕನ್ನು ತೆಗೆಯುವ ಉಪಕರಣವನ್ನು ಮಾಡಿದರು. ಸೂಕ್ಷ್ಮದರ್ಶಕದ ಕೆಳಗೆ ಆರೋಗ್ಯವಂತರ ಸಣ್ಣ ಕರುಳಿನ ಒಳಪದರದಲ್ಲಿ ವಿಲ್ಲೈ ಎಂಬ ಎಳೆಗಳು ಒತ್ತೊತ್ತಾಗಿ ಎದ್ದು ನಿಂತಿರುತ್ತವೆ. ಆಹಾರದ ಸಾರವನ್ನು ಹೀರುವುದು ಅವೇ. ಸೀಲಿಯಾಕ್ ರೋಗಿಯ ಸ್ಲೈಡು ಕೊಯ್ಲಾದ ಗದ್ದೆಯ ಹಾಗೆ ಕಾಣುತ್ತದೆ: ಎಳೆಗಳಿಲ್ಲ, ಅವುಗಳ ಬುಡದ ಗುಂಡಿಗಳು ಆಳವಾಗಿವೆ, ಜೀವಕೋಶಗಳ ನಡುವೆ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳು ನುಗ್ಗಿ ತುಂಬಿಕೊಂಡಿವೆ. ಈ ಹಾನಿಯ ಮಟ್ಟವನ್ನು ಗುರುತಿಸಲು ಇಂದಿಗೂ ಬಳಸುವ ಶ್ರೇಣಿಯನ್ನು ಮೈಕೇಲ್ ಮಾರ್ಷ್ 1992ರಲ್ಲಿ ಕೊಟ್ಟರು. ಕಬ್ಬಿಣ, ಫೋಲಿಕ್ ಆಮ್ಲ, ಕ್ಯಾಲ್ಸಿಯಂ ಹೀರಿಕೊಳ್ಳುವ ಜಾಗವೇ ಸವೆದುಹೋದ ಮೇಲೆ ಮಾತ್ರೆ ನುಂಗಿಸಿದರೂ ರಕ್ತಹೀನತೆ ಹೋಗದಿರುವುದು ಸಹಜ. ಉತ್ತರ ಭಾರತದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳಿಗೆ ಭೇದಿಯಾಗಲಿ ಹೊಟ್ಟೆನೋವಾಗಲಿ ಇರಲಿಲ್ಲ. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆಯೊಂದೇ ಅವಳ ಕಾಯಿಲೆಯ ಸುಳಿವಾಗಿತ್ತು.

ಈಗ ರಸಾಯನಶಾಸ್ತ್ರಕ್ಕೆ ಬರೋಣ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಗ್ಲುಟೆನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗ್ಲುಟಮಿನ್, ಜೊತೆಗೆ ಪ್ರೋಲಿನ್ ಕೂಡ ಹೇರಳ. ಪ್ರೋಲಿನ್ ಇರುವ ಕಡೆ ನಮ್ಮ ಜೀರ್ಣ ಕಿಣ್ವಗಳಿಗೆ ಸರಪಣಿಯನ್ನು ಕತ್ತರಿಸಲು ಬರುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೈತನ್ ಖೋಸ್ಲಾ ಅವರ ತಂಡ 2002ರಲ್ಲಿ ಗ್ಲಯಡಿನ್ನಿನಿಂದ ಬಂದ, 33 ಅಮೈನೋ ಆಮ್ಲಗಳ ಉದ್ದದ ಒಂದು ತುಂಡನ್ನು ಗುರುತಿಸಿತು. ಹೊಟ್ಟೆ, ಮೇದೋಜ್ಜೀರಕ ಗ್ರಂಥಿ, ಕರುಳು ಮೂರರ ಕಿಣ್ವಗಳಿಗೂ ಒಗ್ಗದೆ ಅದು ಹಾಗೆಯೇ ಉಳಿಯುತ್ತದೆ. ಇದು ರೋಗಿಗಳಲ್ಲಿ ಮಾತ್ರವಲ್ಲ, ನಿಮ್ಮಲ್ಲಿಯೂ ನನ್ನಲ್ಲಿಯೂ ನಡೆಯುತ್ತದೆ. ಗ್ಲುಟೆನ್ ಪೂರ್ತಿ ಜೀರ್ಣವಾಗದಿರುವುದು ಕಾಯಿಲೆಯಲ್ಲ, ಮನುಷ್ಯನ ದೇಹದ ಸಾಮಾನ್ಯ ಮಿತಿ.

ಕಾಯಿಲೆಯಾಗುವುದು ಮುಂದಿನ ಎರಡು ಹಂತಗಳಲ್ಲಿ. ಬರ್ಲಿನ್ನಿನಲ್ಲಿ ಡೆಟ್ಲೆಫ್ ಶುಪ್ಪನ್ ಅವರ ತಂಡ 1997ರಲ್ಲಿ, ಸೀಲಿಯಾಕ್ ರೋಗಿಗಳ ರಕ್ತದಲ್ಲಿರುವ ಪ್ರತಿಕಾಯಗಳು ಗುರಿಯಿಡುವುದು ದೇಹದ್ದೇ ಆದ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವನ್ನು ಎಂದು ಕಂಡುಹಿಡಿಯಿತು. ಮರುವರ್ಷವೇ ನಾರ್ವೆ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಈ ಕಿಣ್ವ ಮಾಡುವ ಕಿತಾಪತಿಯನ್ನು ತೋರಿಸಿದರು: ಅದು ಗ್ಲುಟೆನ್ ತುಂಡಿನ ಕೆಲವು ಗ್ಲುಟಮಿನ್‌ಗಳನ್ನು ಗ್ಲುಟಮಿಕ್ ಆಮ್ಲವಾಗಿ ಬದಲಿಸುತ್ತದೆ, ಆಗ ಆ ಜಾಗಕ್ಕೆ ಋಣ ವಿದ್ಯುದಾವೇಶ ಬರುತ್ತದೆ. ಆಸ್ಲೋದ ಲುಡ್ವಿಗ್ ಸೋಲಿಡ್ ಮತ್ತು ಸಂಗಡಿಗರು 1989ರಲ್ಲಿಯೇ ಈ ರೋಗಕ್ಕೆ ಜೋಡಿಸಿದ್ದ ಎಚ್‌ಎಲ್‌ಎ-ಡಿಕ್ಯೂ2 ಎಂಬ ಅಣು, ಅಂಥ ಋಣಾವೇಶದ ತುಂಡುಗಳನ್ನೇ ಬಿಗಿಯಾಗಿ ಹಿಡಿದು, ದೇಹದ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುತ್ತದೆ. ಟಿ ಕೋಶಗಳು ಕೆರಳುತ್ತವೆ, ಪ್ರತಿಕಾಯಗಳು ಹುಟ್ಟುತ್ತವೆ, ವಿಲ್ಲೈ ಸವೆಯುತ್ತವೆ. ಜೀರ್ಣವಾಗದ ಪ್ರೋಟೀನು, ಅದನ್ನು ಬದಲಿಸುವ ಕಿಣ್ವ, ಬದಲಾದದ್ದನ್ನು ಎತ್ತಿ ಹಿಡಿಯುವ ಆನುವಂಶಿಕ ಅಣು, ಈ ಮೂರೂ ಇಷ್ಟು ಚೆನ್ನಾಗಿ ಬಿಡಿಸಿಟ್ಟಿರುವ ಇನ್ನೊಂದು ಸ್ವಯಂನಿರೋಧಕ ಕಾಯಿಲೆ ನನಗೆ ಕಾಣುವುದಿಲ್ಲ. ಗ್ಲುಟೆನ್ ನಿಂತರೆ ಸರಪಣಿಯ ಮೊದಲ ಕೊಂಡಿಯೇ ಕಳಚುತ್ತದೆ. ಪ್ರತಿಕಾಯಗಳು ತಿಂಗಳು ತಿಂಗಳಿಗೆ ಇಳಿಯುತ್ತವೆ, ಕರುಳು ಮತ್ತೆ ಚಿಗುರುತ್ತದೆ. ಚಿಕಿತ್ಸೆಯಾಗಿ ಇದು ವರವಾದರೂ, ರೋಗವನ್ನು ಪತ್ತೆಹಚ್ಚಬೇಕಾದ ನಮಗೆ ಇದೇ ತೊಡಕು.

ಈ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ (ಟಿಟಿಜಿ) ವಿರುದ್ಧ ಹುಟ್ಟುವ ಐಜಿಎ ಎಂಬ ಬಗೆಯ ಪ್ರತಿಕಾಯವನ್ನು ರಕ್ತದಲ್ಲಿ ಅಳೆಯುವ ಟಿಟಿಜಿ-ಐಜಿಎ ಪರೀಕ್ಷೆ ನಡೆಯುವುದು ಹೀಗೆ. ತೊಂಬತ್ತಾರು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವನ್ನು ಅಂಟಿಸಿರುತ್ತಾರೆ. ರೋಗಿಯ ರಕ್ತದಿಂದ ಬೇರ್ಪಡಿಸಿದ ಸೀರಂ ಎಂಬ ದ್ರವವನ್ನು ಹಾಕಿದಾಗ ಅದರಲ್ಲಿ ಪ್ರತಿಕಾಯವಿದ್ದರೆ ತಳಕ್ಕೆ ಕಚ್ಚಿಕೊಳ್ಳುತ್ತದೆ. ತೊಳೆದು, ಬಣ್ಣ ಬರಿಸುವ ದ್ರಾವಣ ಹಾಕಿ, ಕೊನೆಗೆ ಆಮ್ಲದ ಹನಿ ಬಿಟ್ಟರೆ ಆ ಗುಳಿ ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಪ್ರತಿಕಾಯ ಹೆಚ್ಚು. ವರ್ಷದಿಂದ ಗೋಧಿ ಮುಟ್ಟದ ಸೀಲಿಯಾಕ್ ರೋಗಿಯ ಗುಳಿ ಬಹುಮಟ್ಟಿಗೆ ಬಣ್ಣವಿಲ್ಲದೆ ಉಳಿದು, ವರದಿಯಲ್ಲಿ ‘ನೆಗೆಟಿವ್’ ಎಂದು ಬರುತ್ತದೆ. ಹುಟ್ಟಿನಿಂದಲೇ ಐಜಿಎ ಕೊರತೆ ಇರುವವರಲ್ಲಿಯೂ ಹೀಗೇ ಆಗುವುದರಿಂದ, ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಯಲ್ಲೇ ಅಳೆಯಬೇಕು. ನಮ್ಮ ಕಡೆ ಇದನ್ನು ಬರೆದುಕೊಡುವುದು ಮರೆತುಹೋಗುವುದೇ ಹೆಚ್ಚು. ಗೋಧಿ ಬಿಟ್ಟವರು ಖಚಿತಪಡಿಸಿಕೊಳ್ಳಬೇಕಾದರೆ ಮತ್ತೆ ಎರಡರಿಂದ ಎಂಟು ವಾರ ಗ್ಲುಟೆನ್ ತಿನ್ನಬೇಕಾಗುತ್ತದೆ. ಒಮ್ಮೆ ಸುಧಾರಿಸಿಕೊಂಡ ದೇಹಕ್ಕೆ ಇದು ಸಣ್ಣ ಶಿಕ್ಷೆಯಲ್ಲ.

ದಕ್ಷಿಣದವರಾದ ನಮಗೆ ಇದೆಲ್ಲ ಏಕೆ ಎಂದು ಕೇಳಬಹುದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಬಿ.ಎಸ್. ರಾಮಕೃಷ್ಣ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿದಾಗ ಸೀಲಿಯಾಕ್ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಕಂಡವು. ರೋಗಕ್ಕೆ ಬೇಕಾದ ಆನುವಂಶಿಕ ಅಣುಗಳು ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಸಮನಾಗಿ, ಮೂರನೇ ಒಂದು ಭಾಗದಷ್ಟು ಜನರಲ್ಲಿದ್ದವು. ಎದ್ದು ಕಂಡ ವ್ಯತ್ಯಾಸ ಗೋಧಿಯದು: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಈಶಾನ್ಯದಲ್ಲಿ ಗೋಧಿ ಕೇವಲ 37 ಗ್ರಾಂ ಇದ್ದರೂ ಪ್ರತಿಕಾಯಗಳು ಅಷ್ಟು ಜನರಲ್ಲಿ ಕಂಡದ್ದರಿಂದ, ಗೋಧಿಯ ಪ್ರಮಾಣವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಆದರೂ ಮುದ್ದೆ, ಅನ್ನ, ಜೋಳದ ರೊಟ್ಟಿ ತಿಂದು ಬೆಳೆದ ಕುಟುಂಬಗಳಲ್ಲಿಯೂ ಈ ಕಾಯಿಲೆಗೆ ಬೇಕಾದ ಆನುವಂಶಿಕ ನೆಲ ಸಿದ್ಧವಾಗಿಯೇ ಇದೆ. ರಾತ್ರಿಯ ಊಟಕ್ಕೆ ಚಪಾತಿ ಬಂದಿರುವ ಇಂದಿನ ಕರ್ನಾಟಕದಲ್ಲಿ ವೈದ್ಯರು ಇದನ್ನು ಉತ್ತರದವರ ಕಾಯಿಲೆ ಎಂದು ಬದಿಗಿಡಬಾರದು ಎನ್ನುವುದು ನನ್ನ ದೃಢ ಅಭಿಪ್ರಾಯ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಗೋಧಿ ತಿಂದರೆ ಹೊಟ್ಟೆ ಉಬ್ಬುವವರ ಮಾತನ್ನು ಸುಳ್ಳೆನ್ನಬಾರದು. ಅವರ ಬಾಧೆ ನಿಜ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಅವರ ತಂಡ 2011ರಲ್ಲಿ ಇಂಥವರಲ್ಲಿ ಗ್ಲುಟೆನ್ನೇ ಕಾರಣ ಎಂಬಂತೆ ಫಲಿತಾಂಶ ಕೊಟ್ಟಿತ್ತು. ಅದೇ ತಂಡ 2013ರಲ್ಲಿ 37 ಜನರಿಗೆ, ಮೊದಲು ಹುದುಗುವ ಸಕ್ಕರೆಗಳನ್ನು ಆಹಾರದಿಂದ ಕಡಿಮೆ ಮಾಡಿ, ಆಮೇಲೆ ಗ್ಲುಟೆನ್ ಕೊಟ್ಟಾಗ ವಿಶೇಷ ಪರಿಣಾಮವೇನೂ ಕಾಣಲಿಲ್ಲ. ತಮ್ಮದೇ ತೀರ್ಮಾನವನ್ನು ಇನ್ನೂ ಬಿಗಿಯಾದ ಪ್ರಯೋಗದಿಂದ ತಾವೇ ಪ್ರಶ್ನಿಸಿಕೊಂಡ ಈ ನಡೆಯ ಬಗ್ಗೆ ನನಗೆ ಬಹಳ ಗೌರವವಿದೆ. 2018ರಲ್ಲಿ ಆಸ್ಲೋದಲ್ಲಿ 59 ಜನರಿಗೆ ಏನೆಂದು ತಿಳಿಯದಂತೆ ಗ್ಲುಟೆನ್, ಫ್ರಕ್ಟಾನ್, ಎರಡೂ ಇಲ್ಲದ ತಿನಿಸು ಎಂದು ಮೂರು ಬಗೆ ಕೊಟ್ಟಾಗ, ಹೊಟ್ಟೆ ಕೆಡಿಸಿದ್ದರಲ್ಲಿ ಫ್ರಕ್ಟಾನ್ ಮುಂದಿತ್ತು. ಫ್ರಕ್ಟಾನ್ ಗೋಧಿಯಲ್ಲಿರುವ, ಕರುಳಿನಲ್ಲಿ ಹುದುಗುವ ಒಂದು ಬಗೆಯ ಕಾರ್ಬೋಹೈಡ್ರೇಟು; ಈರುಳ್ಳಿಯಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ಅದು ಧಾರಾಳವಾಗಿದೆ. ಚಪಾತಿ ಬಿಟ್ಟು ಈರುಳ್ಳಿ ಹುಳಿಯನ್ನು ಉಳಿಸಿಕೊಂಡವರಿಗೆ ಪೂರ್ತಿ ನೆಮ್ಮದಿ ಸಿಗದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಎರಡು ಗುಂಪುಗಳನ್ನು ಬೇರ್ಪಡಿಸಲೇಬೇಕು ಎಂದು ನಾನು ಒತ್ತಿ ಹೇಳುವುದು ಪಥ್ಯದ ಕಟ್ಟುನಿಟ್ಟಿನ ಕಾರಣಕ್ಕೆ. ಫ್ರಕ್ಟಾನ್ ಒಗ್ಗದವರು ಹಬ್ಬದ ದಿನ ಒಂದು ಹೋಳಿಗೆ ತಿಂದರೆ ಕೆಡುವುದು ಆ ದಿನದ ಹೊಟ್ಟೆ ಮಾತ್ರ. ಸೀಲಿಯಾಕ್ ರೋಗಿಗಳಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆ ಸೇರಿದರೂ ವಿಲ್ಲೈ ಹಾಳಾಗುತ್ತವೆ ಎಂದು ಇಟಲಿಯ ಕಾರ್ಲೊ ಕತಾಸಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಒಂದು ಹೋಳು ಬ್ರೆಡ್ಡಿನಲ್ಲಿ ಎರಡು ಗ್ರಾಂನಷ್ಟು ಗ್ಲುಟೆನ್ ಇರುತ್ತದೆ. 50 ಮಿಲಿಗ್ರಾಂ ಎಂದರೆ ಅದರ ನಲವತ್ತನೇ ಒಂದು ಪಾಲು. ‘ಗ್ಲುಟೆನ್ ರಹಿತ’ ಎಂದು ಚೀಟಿ ಹಚ್ಚಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ಭಾರತದಲ್ಲಿಯೂ ಇದೆ. ನಮ್ಮ ಅಡುಗೆಮನೆಯಲ್ಲಿ ಎಚ್ಚರ ವಹಿಸಬೇಕಾದ ಜಾಗಗಳು ಬೇರೆಯೇ. ಅಂಗಡಿಯ ಡಬ್ಬಿ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟನ್ನು ಬೆರೆಸುವುದು ವಾಡಿಕೆ, ಹಾಗಾಗಿ ತಿಳಿಸಾರಿನಲ್ಲೂ ಗೋಧಿ ಬರಬಹುದು. ಗೋಧಿ ಬೀಸಿದ ಗಿರಣಿಯಲ್ಲೇ ಮುಂದಿನ ಸರದಿಯಲ್ಲಿ ಬೀಸಿದ ರಾಗಿ ಹಿಟ್ಟನ್ನು ಸೀಲಿಯಾಕ್ ರೋಗಿಗೆ ಕೊಡಬಾರದು. ರಾಗಿಯನ್ನು ತೊಳೆದು ಒಣಗಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ಔಷಧದ ಹುಡುಕಾಟವೂ ನಡೆದಿದೆ. ಲಸಿಕೆಯ ಮಾದರಿಯ ಒಂದು ಚಿಕಿತ್ಸೆಯ ಪ್ರಯೋಗ 2019ರಲ್ಲಿ, ಲಾರಜೊಟೈಡ್ ಎಂಬ ಔಷಧದ ಅಂತಿಮ ಹಂತದ ಪ್ರಯೋಗ 2022ರಲ್ಲಿ ನಿಂತುಹೋದವು. ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವನ್ನೇ ತಡೆಯುವ ಜೆಡ್‌ಇಡಿ1227 ಎಂಬ ಮಾತ್ರೆಯ ಫಲಿತಾಂಶ 2021ರಲ್ಲಿ ಪ್ರಕಟವಾಗಿ ಆಸೆ ಹುಟ್ಟಿಸಿತು. ಆರು ವಾರ ದಿನಕ್ಕೆ 3 ಗ್ರಾಂ ಗ್ಲುಟೆನ್ ತಿಂದ ರೋಗಿಗಳಲ್ಲಿ, ಮಾತ್ರೆ ಪಡೆದವರ ಕರುಳಿಗೆ ಆದ ಹಾನಿ ಕಡಿಮೆಯಿತ್ತು. ಆಗಲೇ ಗೋಧಿ ಬಿಟ್ಟವರಿಗೆ ನೇರವಾಗಿ ನೆರವಾಗಬಲ್ಲ ಕೆಲಸ ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯದು. ಅಲ್ಲಿ ರೋಗಿಗೆ ಗೋಧಿ ತಿನ್ನಿಸುವ ಬದಲು, ಅವರ ರಕ್ತವನ್ನು ನಳಿಕೆಯಲ್ಲಿಯೇ ಗ್ಲುಟೆನ್ ತುಂಡುಗಳೊಡನೆ ಬೆರೆಸಿ, ಟಿ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-2 ಎಂಬ ಸಂಕೇತವನ್ನು ಅಳೆಯುತ್ತಾರೆ. ಟಿಟಿಜಿ ಪರೀಕ್ಷೆಯ ಸೀರಂ ಅನ್ನು ಬೇರ್ಪಡಿಸಿ ತಂಪಾಗಿಟ್ಟು ತಾಲ್ಲೂಕು ಕೇಂದ್ರದಿಂದ ಬೆಂಗಳೂರಿಗೆ ಕಳುಹಿಸಬಹುದು. ಈ ಹೊಸ ಪರೀಕ್ಷೆಗೆ ಜೀವಂತ ಕೋಶಗಳಿರುವ ತಾಜಾ ರಕ್ತವೇ ಬೇಕು. ನಮ್ಮ ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಲ್ಲಿ ಅದನ್ನು ನಡೆಸುವುದು ಹೇಗೆ ಎಂಬ ಬಗ್ಗೆ ಇಲ್ಲಿನ ಸಂಶೋಧಕರು ಈಗಿನಿಂದಲೇ ಕೆಲಸ ಆರಂಭಿಸಬೇಕು.