ಸಾಹೇಬರ ನೋಟ್‌ಬುಕ್

ದಾವಣಗೆರೆ, 18 ನವೆಂಬರ್ 2023, ಶನಿವಾರ

ಸೇರಿ ಕೆಲಸ ಮಾಡಿದವರ ಬಗ್ಗೆ ಅಕ್ಕ, ನಾನು ಸೇರಿ ಪುಸ್ತಕ ಬರೀತಿದ್ದೀವಿ. ಅದರಲ್ಲಿ ನನ್ನ ಪಾಲಿನ ಮಂಡಿಪೇಟೆ ಅಧ್ಯಾಯ, ಅಂದರೆ ಮಂಡಕ್ಕಿ ವ್ಯಾಪಾರದಲ್ಲಿ ಜೊತೆಗಿದ್ದ ಶೆಟ್ರು, ಸಾಹೇಬರ ಕಥೆ, ಮುಗಿಯಿತು ಅಂದುಕೊಂಡಿದ್ದೆ. ಸಂಜೆ ಅಕ್ಕ ಫೋನ್ ಮಾಡಿದರು. "ತಮ್ಮಾ, ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಶೆಟ್ರೊಬ್ರೇ ಮಾತಾಡ್ತಾರೆ. ಸಾಹೇಬ್ರು ಎಲ್ಲಿ?"

ಸಾಹೇಬರು ತೀರಿಕೊಂಡು ವರ್ಷಗಳಾದವು. ಅವರ ಮಗ ಇದ್ದಾನೆ ಅಂದರು ಅಕ್ಕ. ಚಪ್ಪಲಿ ಮೆಟ್ಟಿಕೊಂಡು ಭಟ್ಟಿ ಕಡೆ ಹೊರಟೆ.

ಅಧ್ಯಾಯಕ್ಕೆ ಅಂತ ಶೆಟ್ರು ಮೊದಲು ನನಗೆ ಹೇಳಿದ್ದು ಇಷ್ಟು. ಭತ್ತಕ್ಕೆ ದುಡ್ಡು ಅವರದು, ಮಂಡಕ್ಕಿ ಭಟ್ಟಿ ಸಾಹೇಬರದು. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಲ್ಲಿ ಅರಳಿಸೋ ತನಕ ಸಾಹೇಬರ ಜವಾಬ್ದಾರಿ. ಚೀಲ ಗಾಡಿ ಹತ್ತಿದ ಮೇಲೆ ಶೆಟ್ರದು. ಕಾಗದ ಪತ್ರ ಏನೂ ಇಲ್ಲ. ದೀಪಾವಳಿಗೆ ಅಂಗಡಿ ಪೂಜೆ ಆದಮೇಲೆ ಇಬ್ಬರೂ ಕೂತು ಲೆಕ್ಕ ಚುಕ್ತಾ. "ಒಂದ್ ದಿನ ಜಗಳ ಆಡಿಲ್ರೀ ನಾವು, ಬರ್ಕಳ್ರಿ" ಅಂದಿದ್ದರು. ಬರೆದುಕೊಂಡಿದ್ದೆ.

ಮಗ ಒಳಗಿಂದ ಎಣ್ಣೆ ಕಲೆ ಹತ್ತಿದ ಒಂದು ನೋಟ್‌ಬುಕ್ ತಂದ. ಉರ್ದುವಿನಲ್ಲಿ ಬರೆದದ್ದು, ಅವನೇ ಓದಿ ಹೇಳಿದ. ಶೆಟ್ರ ಖಾತೆಯಲ್ಲಿ ಭಟ್ಟಿ ಖರ್ಚು ಅಂತ ಒಂದೇ ಸಾಲು. ಇಲ್ಲಿ ಅದು ಪುಟಗಟ್ಟಲೆ. ಹೊಟ್ಟು, ಮರಳು, ಜರಡಿ, ಹೆಂಗಸರ ಕೂಲಿ, ಹಬ್ಬದ ಮುಂಗಡ. ಒಂದು ಕಡೆ ಮಳೆಗೆ ಸಿಕ್ಕಿ ಹಾಳಾದ ಭತ್ತದ ಲೆಕ್ಕ. ಪಕ್ಕದಲ್ಲಿ, "ಶೆಟ್ರಿಗೆ ಹೇಳೋದು ಬೇಡ."

ಆ ನಷ್ಟ ಸಾಹೇಬರು ತಾವೇ ನುಂಗಿದ್ದಾರೆ. ಜಗಳ ಆಗದೇ ಇದ್ದದ್ದು ಸುಮ್ನೆ ಅಲ್ಲ.

"ನಮ್ಮಪ್ಪ ಬೇಡ ಅಂತ ಬರೆದದ್ದು. ನೀವು ಅಚ್ಚು ಹಾಕಿಸ್ತೀರಾ ಸರ್?" ಅಂತ ಕೇಳಿದ ಹುಡುಗ. ಸಿಟ್ಟಿರಲಿಲ್ಲ ಅವನಿಗೆ. ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವರು ತಮ್ಮ ಪಾಲಿನ ಅಧ್ಯಾಯದ ಮಾತು ತೆಗೆದರು. ಕನ್ನಡ ವಿದ್ವಾಂಸರಾದ ತಳುಕಿನ ವೆಂಕಣ್ಣಯ್ಯನವರು, ಎ.ಆರ್. ಕೃಷ್ಣಶಾಸ್ತ್ರಿಗಳು ಸೇರಿ ಹರಿಶ್ಚಂದ್ರ ಕಾವ್ಯದ ಸಂಗ್ರಹ ಮಾಡಿದ್ದರಲ್ಲ, ಅದರಲ್ಲಿ ಯಾವ ಕೆಲಸ ಯಾರದು ಅಂತ ಅಕ್ಕ ಹುಡುಕುತ್ತಲೇ ಇದ್ದಾರೆ. ಸ್ನೇಹಿತರು ಸೇರಿ ಮಾಡಿದ ಕೆಲಸದಲ್ಲಿ ಗೆರೆ ಎಳೆಯೋಕೆ ಬರಲ್ಲ ಅನ್ನೋದು ಅವರ ವಾದ. ವೆಂಕಣ್ಣಯ್ಯನವರು ಹೋದದ್ದು 1939ರಲ್ಲಿ. ಕುವೆಂಪು ರಾಮಾಯಣ ದರ್ಶನಂ ಅಚ್ಚಾದದ್ದು ಹತ್ತು ವರ್ಷ ಆದಮೇಲೆ, 1949ರಲ್ಲಿ. ಆದರೂ ಅರ್ಪಣೆ ಆ ಗುರುವಿಗೇ. "ಹೋದೋರಿಗೂ ಲೆಕ್ಕ ಒಪ್ಪಿಸ್ಬೇಕು ಕಣೋ" ಅಂದರು ಅಕ್ಕ.

ಅವರು ಹೇಳೋ ದಾರಿ ಒಂದೇ. ಅಚ್ಚಿಗೆ ಕೊಡೋ ಮೊದಲು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿ ಅಧ್ಯಾಯ ಓದಬೇಕು. ನನಗೆ ಇದೇ ಸರಿ ಅನ್ನಿಸುತ್ತೆ. ಇಬ್ಬರು ಸೇರಿ ಬರೆಯೋದರಿಂದ ಪುಸ್ತಕಕ್ಕೆ ಆಗೋ ದೊಡ್ಡ ಲಾಭ ಇದು: ಒಬ್ಬರಿಗೆ ಮುಗಿಯಿತು ಅನ್ನಿಸಿದ್ದನ್ನು ಇನ್ನೊಬ್ಬರು ಮುಗಿಯೋಕೆ ಬಿಡಲ್ಲ.

ಆದರೆ ಶೆಟ್ರಿಗೆ ವಯಸ್ಸಾಗಿದೆ, ಬಿಪಿ ಬೇರೆ. ಇಷ್ಟು ವರ್ಷ ಆದಮೇಲೆ ಈ ಸಾಲ ಅವರ ತಲೆ ಮೇಲೆ ಹೊರಿಸೋದಾ? ಮೊದಲು ಅವರ ಮಗಳ ಕಿವಿಗೆ ಹಾಕಬೇಕೇನೋ. ಹುಡುಗ ನಾನೂ ಬರ್ತೀನಿ ಅಂದಿದ್ದಾನೆ. ನೋಟ್‌ಬುಕ್ ತರಬೇಕಾ ಬೇಡವಾ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.