ಕಪ್ಪತಗುಡ್ಡಕ್ಕೆ ಹೋಗೋ ಮೊದಲು ಚಕ್ರ ಬಿಚ್ಚಿದೆವು

ಹುಬ್ಬಳ್ಳಿಯಿಂದ ಗದಗ ಹೆಚ್ಚೆಂದರೆ 60 ಕಿಲೋಮೀಟರ್. ಲಕ್ಕುಂಡಿ, ಡಂಬಳ ನೋಡಿಕೊಂಡು ಸಂಜೆ ಕಪ್ಪತಗುಡ್ಡ ಹತ್ತಿ ಇಳಿಯೋದು ಅಂತ ನಾನೂ ಸೋದರಮಾವನೂ ಬೆಳಿಗ್ಗೆಯೇ ಹೊರಟೆವು. ಅಣ್ಣಿಗೇರಿಯಲ್ಲಿ ಅಮೃತೇಶ್ವರನಿಗೆ ಕೈಮುಗಿದು, ಚಹಾ ಕುಡಿದು ಕಾರು ಹತ್ತಿದೆವು. ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಎಡ ಚಕ್ರ ಕೀಂಯ್ ಅನ್ನತೊಡಗಿತು.

"ಧೂಳು ಹೊಕ್ಕಿರಬೇಕು ಮಾಮಾ. ಹೋದ ವಾರ ಟಾರ್ಚ್ ಬಿಟ್ಟು ನೋಡೇನಿ, ಬ್ರೇಕ್ ಪ್ಯಾಡ್ ಛಲೋ ಅದಾವು."

"ಗುಡ್ಡ ಇಳಿಯೂದೈತಿ. ಮೊದಲ ತೋರಸು."

ಗದಗಿನಲ್ಲಿ ರಸ್ತೆ ಪಕ್ಕದ ಗ್ಯಾರೇಜಿಗೆ ಬಿಟ್ಟೆವು. ಮಿಸ್ತ್ರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ನಟ್ಟು ಸಡಿಲಿಸಿದ ಮೇಲೇ ಜಾಕ್ ಏರಿಸಿದ. ಹೊರಗಿನ ಪ್ಯಾಡು ನಾನು ಹೇಳಿದ ಹಾಗೇ ಇತ್ತು, ದಪ್ಪಗೆ. "ಒಳಗಿಂದು ನೋಡ್ರಿ ಸರ" ಅಂತ ಇನ್ನೊಂದನ್ನು ಕೈಗಿಟ್ಟ. ಹಿಂಬದಿಯ ಉಕ್ಕಿನ ಪಟ್ಟಿ ಬಿಟ್ಟರೆ ಉಜ್ಜುವ ಪದರ 2 ಮಿಲಿಮೀಟರೂ ಇರಲಿಲ್ಲ. ಹೊಸದರಲ್ಲಿ ಅದು 10ರ ಆಸುಪಾಸು. 3ಕ್ಕೆ ಇಳಿದರೆ ಬದಲಿಸಲೇಬೇಕು. ಚಕ್ರದ ಜೊತೆ ತಿರುಗೋ ಡಿಸ್ಕನ್ನು ಎರಡೂ ಬದಿಯ ಪ್ಯಾಡಿನಿಂದ ಅಮುಕೋ ಹಿಡಿಕೆಗೆ ಕ್ಯಾಲಿಪರ್ ಅಂತಾರೆ. ಅದು ಜಾರಬೇಕಾದ ಪಿನ್ನು ಗ್ರೀಸಿಲ್ಲದೆ ಒಣಗಿ ಹಿಡಿದುಕೊಂಡಿತ್ತು. ಹಾಗಾಗಿ ಪ್ಯಾಡನ್ನು ಒತ್ತೋ ಪಿಸ್ಟನ್ ಇರೋ ಒಳಬದಿಯೊಂದೇ ಸವೆದಿದೆ. ನಾನು ಟಾರ್ಚ್ ಬಿಟ್ಟು ನೋಡಿದ್ದು ಬರೀ ಹೊರಗಿನದ್ದು! ಕೀಂಯ್ ಅಂದಿದ್ದು ಧೂಳಲ್ಲ, ಪ್ಯಾಡಿಗೆ ಅಂಟಿಕೊಂಡ ಪುಟ್ಟ ತಗಡು. ಪದರ ಸವೆದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರ್ತಾರೆ.

ಇನ್ನೊಂದು ದಡ್ಡತನವೂ ಹೊರಬಿತ್ತು. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಅಂತ ಹಿಂದಿನ ತಿಂಗಳು ನಾನೇ ತುಂಬಿಸಿದ್ದೆ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತೆ, ಆಯಿಲ್ ಇಳಿಯುತ್ತೆ. ಅದು ಕೊಟ್ಟ ಸುಳಿವನ್ನು ಸುಮ್ನೆ ಮುಚ್ಚಿಹಾಕಿದ್ದೆ ಅಷ್ಟೇ. ಈಗ ಹೊಸ ದಪ್ಪ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ಒತ್ತಿದರೆ ಆಯಿಲ್ ಡಬ್ಬಿ ಉಕ್ಕಿ ಕಾರಿನ ಬಣ್ಣ ಸುಲಿಯೋದು ಗ್ಯಾರಂಟಿ. ಮಿಸ್ತ್ರಿ ಮೊದಲೇ ಸಿರಿಂಜಿನಿಂದ ಒಂದಿಷ್ಟು ಎಳೆದು ತೆಗೆದ.

ಹ್ಯಾಂಡ್‌ಬ್ರೇಕ್ ಇಳಿಸಿ ಹಿಂದಿನ ಡ್ರಮ್ಮನ್ನೂ ಬಿಚ್ಚಿಸಿದೆವು. ಒಳಗೆ ಬೂದಿಯಂಥ ಪುಡಿ. ಊದಲು ಬಗ್ಗಿದ ಮಾಮಾನನ್ನು "ಊದಬ್ಯಾಡ್ರಿ ಕಾಕಾ, ಎದಿಗೆ ಹೊಕ್ಕೈತಿ" ಅಂತ ತಡೆದು, ಹಸಿ ಬಟ್ಟೆಯಿಂದ ಒರೆಸಿದ. ಡ್ರಮ್ಮಿನೊಳಗೆ ಉಜ್ಜುವ ಲೈನರ್ ಇನ್ನೂ ಚೆನ್ನಾಗಿತ್ತು. ಮುಂದೆ ಎರಡೂ ಬದಿ ಪ್ಯಾಡ್ ಹಾಕಿ, ಪಿನ್ನಿಗೆ ಗ್ರೀಸ್ ಹಚ್ಚಿ, ಪೆಡಲ್ ಗಟ್ಟಿಯಾಗೋವರೆಗೂ ಒತ್ತಿಸಿದ. ಡಿಸ್ಕಿನ ಮೇಲಿನ ಗೀರುಗಳಿಗೆ ಉಗುರು ಎಳೆದು ನೋಡಿದ. "ಆಳ ಇಲ್ರಿ. ಇದ್ದಿದ್ರ ಲೇತಿಗೆ ಕೊಡಬೇಕಿತ್ತು."

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಆ ಮಾತೇ ತಲೆಯಲ್ಲಿ. ಅಲ್ಲಿನ ಕಂಬಗಳು ತಿರುಗಿಸುತ್ತಾ ಕಡೆದಂಥವು, ಥೇಟ್ ಲೇತಿನ ಕೆಲಸ. ಮೈಮೇಲಿನ ಉಂಗುರಗಳಿಗೆ ನಾನೂ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ. ಡಂಬಳದ ದೊಡ್ಡಬಸಪ್ಪನ ನಕ್ಷತ್ರದಾಕಾರದ ಗುಡಿ ನೋಡಲು ಮಾತ್ರ ಅರ್ಧ ಗಂಟೆಯೂ ಉಳಿಯಲಿಲ್ಲ. ಪಾಪ.

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುತ್ತುತ್ತಿದ್ದವು. ಹೊಸ ಪ್ಯಾಡಿಗೆ ಮೊದಲ ದಿನವೇ ಜೋರು ಬೇಡ ಅಂದಿದ್ದನಲ್ಲ, ಸೆಕೆಂಡ್ ಗೇರಿನಲ್ಲೇ ಇಳಿಸಿದೆ. ಕೆಳಗೆ ನಿಲ್ಲಿಸಿ ಎಡ, ಬಲ ಎರಡೂ ಚಕ್ರದ ಹತ್ತಿರ ಕೈ ಹಿಡಿದೆ. ಒಂದೇ ಕಾವು, ಅಂದರೆ ಎರಡೂ ಸಮವಾಗಿ ಹಿಡಿಯುತ್ತಿವೆ.

"ಏನಲೇ, ಜ್ವರ ನೋಡಾಕತ್ತಿ?" ಅಂದ ಮಾಮಾ. "ಬಾ, ಮಿರ್ಚಿ ತಿನ್ನೋಣು."